ಕಂಡಿಕಿ ಅಣ್ಣಾ

ಹೋದ ಭಾನುವಾರ ನನ್ನ ಹೆಂಡತಿ ಬನಹಟ್ಟಿಯಿಂದ ತಂದ ಹೊಸ ಸೀರೆಯ ಮಡಿಕೆ ಬಿಚ್ಚಿದಳು. ಕೋಣೆಯ ತುಂಬ ಗಂಜಿಯ ವಾಸನೆ ಹರಡಿತು. ನಾನು ಸೆರಗಿನ ತುದಿಯನ್ನು ಮೂಗಿನ ಹತ್ತಿರ ಹಿಡಿದು ಹಾಗೇ ನಿಂತುಬಿಟ್ಟೆ. "ಬಣ್ಣ ಹೆಂಗೈತಿ ನೋಡ್ರಿ ಅಂದ್ರ ಮೂಗ ಹಚ್ಚಿ ನಿಂತೀರಲ್ಲ" ಎಂದಳು ಅವಳು. ನಾನೇನು ಹೇಳಲಿ? ಮಗ್ಗದಿಂದ ಆಗಷ್ಟೇ ಇಳಿದ ಸೀರೆಯ ಗಂಜಿಯ ವಾಸನೆ ಬಂದರೆ ಬೇರೆಯವರಿಗೆ ಮದುವೆ ನೆನಪಾಗುತ್ತದೆ, ತವರುಮನೆ ನೆನಪಾಗುತ್ತದೆ. ನನಗೆ ಬಂದೂಕು ನೆನಪಾಗುತ್ತದೆ.

ಗಾಬರಿಯಾಗಬೇಡಿ. ಫೋನಿನೊಳಗಿನ ಬಂದೂಕು. ನಾನು ಜೀವಮಾನದಲ್ಲಿ ಹಿಡಿದ ಅತಿ ಅಪಾಯಕಾರಿ ಆಯುಧವೆಂದರೆ ತೆಂಗಿನಕಾಯಿ ಸುಲಿಯುವ ಕೊಡಲಿ, ಅದರಿಂದಲೂ ಪೆಟ್ಟಾದದ್ದು ನನ್ನ ಹೆಬ್ಬೆರಳಿಗೇ.

ಡೇಟಾ ಅಗ್ಗವಾಗಿ ಊರಿಗೂರೇ ತಲೆ ತಗ್ಗಿಸಿ ನಡೆಯಲು ಕಲಿತ ಕಾಲ ಅದು. ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದೆ. ಇನ್ನೂ ಮದುವೆಯಾಗಿರಲಿಲ್ಲ, ಮಧ್ಯಾಹ್ನ ಎರಡರ ನಂತರ ಲ್ಯಾಬಿಗೆ ಯಾರೂ ಬರುತ್ತಿರಲಿಲ್ಲ. ಇಂಥ ಮನುಷ್ಯ ಏನು ಮಾಡುತ್ತಾನೆ? ನೂರು ಜನ ಆಕಾಶದಿಂದ ಒಂದು ದ್ವೀಪಕ್ಕೆ ಹಾರಿ, ಸಿಕ್ಕ ಬಂದೂಕು ಎತ್ತಿಕೊಂಡು, ಒಬ್ಬರನ್ನೊಬ್ಬರು ಹೊಡೆದು, ಕೊನೆಗೆ ಉಳಿದವರು ಗೆಲ್ಲುವ ಆಟ ಆಡುತ್ತಾನೆ. ನಾಲ್ಕು ನಾಲ್ಕು ಜನರ ತಂಡ. ಮೈಕಿನಲ್ಲಿ ಒಬ್ಬರಿಗೊಬ್ಬರು ಮಾತಾಡಬಹುದು. ಆಟದೊಳಗೆ ನನ್ನ ಹೆಸರು 'ಜಮಖಂಡಿ ಹುಲಿ'. ಹುಲಿಯ ವಿಶೇಷವೆಂದರೆ ಗುಂಡಿನ ಸದ್ದು ಕೇಳಿದೊಡನೆ ಎದ್ದು ಬಯಲಿಗೆ ಓಡುವುದು ಮತ್ತು ಎಲ್ಲರಿಗಿಂತ ಮೊದಲು ಸಾಯುವುದು.

ನನ್ನ ಜೊತೆ ಇಬ್ಬರಿದ್ದರು. ಬೀಳಗಿಯ ಈರಣ್ಣ, ನನ್ನ ಸಾಲೆಯ ಗೆಳೆಯ, ಔಷಧಿ ಅಂಗಡಿಯವನು. ಅವನ ಅಂಗಡಿಯಲ್ಲಿ ಅಣೆಕಟ್ಟಿನ ಹಿನ್ನೀರಿನ ಕಡೆ ಮುಖ ಮಾಡಿ ನಿಂತರಷ್ಟೇ ನೆಟ್‌ವರ್ಕ್ ಸಿಗುತ್ತಿತ್ತು, ಆದ್ದರಿಂದ ಗಿರಾಕಿಗಳಿಗೆ ಅವನ ಬೆನ್ನೇ ಪರಿಚಯ. ನಾವು ವೈರಿಗಳ ಮನೆ ಸುತ್ತುವರಿದು ಉಸಿರು ಬಿಗಿಹಿಡಿದಾಗ ಮೈಕಿನಲ್ಲಿ ಅವನ ದನಿ ಬರುತ್ತಿತ್ತು, "ಮುಂಜಾನಿ ಒಂದು, ಸಂಜೀಕ ಒಂದು, ಊಟಾದ ಮ್ಯಾಲೆ." ಇನ್ನೊಬ್ಬ ಮುಧೋಳದ ಮೆಹಬೂಬ, ಬೇಕರಿಯವನು. ತಮ್ಮೂರಿನ ಬೇಟೆನಾಯಿಯ ಅಭಿಮಾನದಿಂದ ಆಟದಲ್ಲಿ 'ಮುಧೋಳ ನಾಯಿ' ಎಂದೇ ಹೆಸರಿಟ್ಟುಕೊಂಡಿದ್ದ. ಹುಲಿ, ನಾಯಿ, ಒಬ್ಬ ಔಷಧಿಯವ. ನಾವು ಮೂವರೂ ಸೇರಿ ಒಂದು ಆಟವನ್ನೂ ಗೆದ್ದಿರಲಿಲ್ಲ.

ಮೂವರೇ ಇದ್ದರೆ ನಾಲ್ಕನೆಯವರನ್ನು ಆಟವೇ ಎಲ್ಲಿಂದಲೋ ತಂದು ಜೋಡಿಸುತ್ತಿತ್ತು. ಹಾಗೆ ಒಂದು ಮಧ್ಯಾಹ್ನ ಬಂದು ಸೇರಿದ ಹೆಸರು 'ಕಂಡಿಕಿ'. ನೇಕಾರರ ಮನೆಯ ಮಾತು ಅದು, ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿಗೆ ಹೇಳುವುದು. ನಾನು ಹೆಸರು ನೋಡಿ ನಗುವಷ್ಟರಲ್ಲಿ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಸಾಲು ಬಂತು: "ಆ ಮನಿಗೆ ಹೋಗಬ್ಯಾಡ್ರಿ, ಮ್ಯಾಳಗಿ ಮ್ಯಾಲೆ ಇಬ್ರು ಅದಾರ."

ನಾನು ಹೋದೆ. ಮಾಳಿಗೆಯ ಮೇಲೆ ಇಬ್ಬರಿದ್ದರು.

ಕಂಡಿಕಿ ಬಂದು ಇಬ್ಬರನ್ನೂ ಮುಗಿಸಿ, ಗುಂಡು ತಗಲಿ ಬಿದ್ದಿದ್ದ ನನ್ನನ್ನು ಎತ್ತಿ ಕೂರಿಸಿ, "ಹೇಳಿದ್ದು ಕೇಳ್ರಿ" ಎಂದು ಬರೆದರು. ಆ ದಿನ ನಾವು ಮೊದಲ ಸಲ ಗೆದ್ದೆವು. ಈರಣ್ಣ ಗಿರಾಕಿಯ ಕಡೆ ತಿರುಗಿ ನಕ್ಕನಂತೆ. ಬೀಳಗಿಯಲ್ಲಿ ಅದು ಸುದ್ದಿಯಾಗಿರಬೇಕು.

ಅಂದಿನಿಂದ ಅವರು ನಮ್ಮ ಕಂಡಿಕಿ ಅಣ್ಣಾ. ಬನಹಟ್ಟಿಯವರೆಂದು ಅವರೇ ಬರೆದರು. ಮೈಕು ಮಾತ್ರ ಎಂದೂ ಹಾಕುತ್ತಿರಲಿಲ್ಲ, ಕೆಟ್ಟಿದೆ ಎಂದು ಬರೆದಿದ್ದರು. ವಿದ್ಯುತ್ ಮಗ್ಗದ ಮನೆಯಾದ್ದರಿಂದ ಕರೆಂಟ್ ಇದ್ದಾಗ ಕೆಲಸ, ಹೋದಾಗ ಆಟ. ಅವರ ಹೆಸರಿನ ಮುಂದೆ ಹಸಿರು ಚುಕ್ಕೆ ಮೂಡಿದರೆ "ಬನಹಟ್ಟ್ಯಾಗ ಕರೆಂಟ್ ಹೋತು" ಎಂದು ನಾವು ಖುಷಿಪಡುತ್ತಿದ್ದೆವು. ಬೇರೊಂದು ಊರು ಕತ್ತಲಾಗಲೆಂದು ಇಷ್ಟು ಮನಃಪೂರ್ವಕವಾಗಿ ಹಾರೈಸಿದವರು ನಮ್ಮಂತೆ ಇನ್ನು ಯಾರೂ ಇರಲಿಕ್ಕಿಲ್ಲ.

ಎಂಟು ತಿಂಗಳು ಹೀಗೆ ನಡೆಯಿತು. ನಾನು ಅಣ್ಣನ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ನಲವತ್ತರ ವಯಸ್ಸು, ದಪ್ಪ ಮೀಸೆ, ಬನಿಯನ್ನು, ಕಡಿಮೆ ಮಾತಿನ ಗಂಭೀರ ಮನುಷ್ಯ. ನನಗೆ ಹೆಣ್ಣು ನೋಡಿ ಬಂದದ್ದನ್ನೂ ಅಣ್ಣನಿಗೇ ಮೊದಲು ಹೇಳುತ್ತಿದ್ದೆ. "ಹುಡುಗಿನ್ನ ಏನರ ಕೇಳಿದ್ರೋ, ಬರೇ ಉಪ್ಪಿಟ್ಟು ತಿಂದು ಬಂದ್ರೋ?" ಎಂದು ಬರೆಯುತ್ತಿದ್ದರು. ಬರೇ ಉಪ್ಪಿಟ್ಟು ತಿಂದು ಬಂದಿರುತ್ತಿದ್ದೆ.

ಈಗ ಹೇಳಲೇಬೇಕಾದ ಒಂದು ಸಂಗತಿ ಇದೆ. ಆ ಎಂಟು ತಿಂಗಳ ನಡುವೆ ಒಂದು ದಿನ ಈರಣ್ಣ ಇರಲಿಲ್ಲ. ಅವನ ಬದಲು ಆಟ ಜೋಡಿಸಿಕೊಟ್ಟದ್ದು ಒಬ್ಬ ಹುಡುಗಿಯನ್ನು. ಮೈಸೂರು ಕಡೆಯ ಮಾತು. "ನಿಮ್ಮ ಹತ್ರ ಬ್ಯಾಂಡೇಜ್ ಇದೆಯಾ?" ಎಂದಳು, ಅಷ್ಟೇ. ಹುಲಿಗೆ ಹುರುಪು ಬಂತು. "ಇಲ್ಲಿಗ್ಯಾಕ ಬಂದೀಯವಾ, ಮನ್ಯಾಗ ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ, ಹೋಗಿ ಇಳಸು" ಎಂದೆ. ಮೆಹಬೂಬ ಬಿದ್ದು ಬಿದ್ದು ನಕ್ಕ. ಗಂಡಸೊಬ್ಬ ನಕ್ಕರೆ ಇನ್ನೊಬ್ಬನಿಗೆ ಮಾತು ಹೆಚ್ಚುತ್ತದೆ ನೋಡಿ, ಮುಂದೆ ಇನ್ನೂ ನಾಲ್ಕು ಮಾತು ಆಡಿದೆ, ಅವನ್ನು ಇಲ್ಲಿ ಬರೆಯಲಾರೆ. ಸ್ವಲ್ಪ ಹೊತ್ತಿಗೆ ಅವಳಿಗೆ ಗುಂಡು ತಗಲಿತು. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿದ್ದಳು. ಆಟದ ನಿಯಮದಂತೆ ತಂಡದವರು ಬಂದು ಎತ್ತಿದರೆ ಏಳುತ್ತಿದ್ದಳು. "ಅಣ್ಣ, ಇಲ್ಲೇ ಇದೀನಿ" ಎಂದಳು. ನಾನು ಗೋಡೆಯ ಹಿಂದೆ ಕೂತು ನೋಡುತ್ತಿದ್ದೆ.

ದೂರದ ಗುಡ್ಡದಲ್ಲಿದ್ದ ಕಂಡಿಕಿ ಅಣ್ಣಾ ಬಯಲಿಗೆ ಇಳಿದು ಅವಳ ಕಡೆ ಓಡತೊಡಗಿದರು. ಎಂದೂ ಬಯಲಿಗೆ ಬರದ ಮನುಷ್ಯ. ಅವರು ಬಂದು ಮುಟ್ಟುವಷ್ಟರಲ್ಲಿ ಹುಡುಗಿ ಆಟ ಬಿಟ್ಟು ಹೋಗಿದ್ದಳು. ಅಣ್ಣನೂ ಅಲ್ಲಿಯೇ ಗುಂಡಿಗೆ ಬಿದ್ದರು. "ಅಣ್ಣಾರಿಗೆ ಇವತ್ತ ಏನಾತು?" ಎಂದು ಮೆಹಬೂಬ ಕೇಳಿದ. ಅಣ್ಣನ ಹಸಿರು ಚುಕ್ಕೆ ಆರಿಹೋಗಿತ್ತು. ಬನಹಟ್ಟಿಯಲ್ಲಿ ಕರೆಂಟ್ ಬಂದಿರಬೇಕು ಎಂದುಕೊಂಡೆವು.

ಇದಾಗಿ ಮೂರು ತಿಂಗಳಿಗೆ ಜಮಖಂಡಿಯ ಒಂದು ಮೊಬೈಲ್ ಅಂಗಡಿಯವರು ಸ್ಪರ್ಧೆ ಇಟ್ಟರು. ನಾಲ್ವರ ತಂಡ, ಎದುರೆದುರು ಕೂತು ಆಡಬೇಕು. ಅಣ್ಣಾ ಬರಲೇಬೇಕೆಂದು ಹಟ ಹಿಡಿದೆವು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು: "ಬರ್ತೀನಿ. ಹಸರ ಚೀಲ ಇರತೈತಿ, ಗುರ್ತಾ ಹಿಡೀರಿ."

ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ನಿಂತಿದ್ದೆವು. ಮೆಹಬೂಬ ಅಣ್ಣನಿಗೆಂದು ಒಂದು ಡಬ್ಬಿ ಖಾರಿ ಬಿಸ್ಕತ್ತು ತಂದಿದ್ದ. ಬಸ್ಸು ಬಂತು. ಮೀಸೆಯ ಗಂಡಸರು ಐದಾರು ಮಂದಿ ಇಳಿದರು, ಯಾರ ಕೈಯಲ್ಲೂ ಹಸಿರು ಚೀಲವಿಲ್ಲ. ಕೊನೆಗೆ ಒಬ್ಬ ಮುದುಕಿಯ ಕೈ ಹಿಡಿದು ಒಬ್ಬ ಹೆಣ್ಣುಮಗಳು ಇಳಿದಳು. ಮೂವತ್ತೈದರ ಆಸುಪಾಸು, ತಲೆಯ ಮೇಲೆ ಸೆರಗು, ಹೆಗಲಿಗೆ ಹಸಿರು ಚೀಲ. ನೆಟ್ಟಗೆ ನಮ್ಮ ಹತ್ತಿರವೇ ಬಂದಳು.

"ಜಮಖಂಡಿ ಹುಲಿ ಅಂದ್ರ ನೀವೇನ್ರಿ?"

"ಹೌದ್ರಿ. ಅಣ್ಣಾರು ಬರ್ಲಿಲ್ಲೇನ್ರಿ?"

"ಅಣ್ಣಾರು ಅಂತ ಯಾರೂ ಇಲ್ರಿ. ನಾನ ಕಂಡಿಕಿ. ಸುವರ್ಣಾ ಅಂತ ಹೆಸರು. ಇವ್ರು ನಮ್ಮ ಅತ್ತಿ."

ಮುದುಕಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ನಮ್ಮ ಸೊಸಿ ಭಾಳ ಛಲೋ ಹೊಡೀತಾಳ್ರಪಾ" ಎಂದು ಸಮಾಧಾನ ಹೇಳಿದಳು.

ಬಸ್‌ಸ್ಟ್ಯಾಂಡಿನಿಂದ ಅಂಗಡಿಗೆ ಹತ್ತು ನಿಮಿಷದ ದಾರಿ. ಈರಣ್ಣ ಗಿರಾಕಿಯಿಲ್ಲದ ಔಷಧಿಯವನಂತೆ ಆಕಾಶ ನೋಡುತ್ತ ನಡೆದ. ನನ್ನ ತಲೆಯಲ್ಲಿ ಎಂಟು ತಿಂಗಳಿನಿಂದ ಈಕೆಯ ಕಿವಿಯ ಮೇಲೆ ಹಾಕಿದ ನನ್ನ ಮಾತೆಲ್ಲ ಒಂದೊಂದಾಗಿ ತಿರುಗಿ ಬರತೊಡಗಿದ್ದವು.

ಅಂಗಡಿಯ ಮುಂದೆ ಶಾಮಿಯಾನಾ ಹಾಕಿದ್ದರು. ನಲವತ್ತು ಐವತ್ತು ಹುಡುಗರು, ಎಲ್ಲರೂ ಗಂಡು. ನಾವು ಒಳಗೆ ಕಾಲಿಟ್ಟಾಗ ಯಾರೋ ಹಿಂದಿನಿಂದ "ಅವ್ವನ್ನ ಕರಕೊಂಡು ಬಂದಾರಲೇ" ಎಂದು ನಕ್ಕರು. ಅಂಗಡಿಯವರು ತಂಡಗಳ ಹೆಸರಿನ ಯಾದಿ ಹಿಡಿದು ಕೇಳಿದರು, "ನಿಮ್ಮ ನಾಕನೇದಾವ್ರು ಎಲ್ಲಿ?"

ಸುವರ್ಣಕ್ಕ ಒಂದು ಹೆಜ್ಜೆ ಮುಂದೆ ಬಂದರು. ಅವರು ಬಾಯಿ ತೆರೆಯುವ ಮೊದಲು ನನ್ನ ಬಾಯಿ ತೆರೆದಿತ್ತು.

"ಬಂದಿಲ್ರಿ. ಇವ್ರು ಅವರ ಮನ್ಯಾವ್ರು. ಬರಾಕ ಆಗೂದಿಲ್ಲ ಅಂತ ಹೇಳಾಕ ಬಂದಾರ."

ಈ ವಾಕ್ಯ ಎಲ್ಲಿಂದ ಬಂತೆಂದು ಇವತ್ತಿಗೂ ನನಗೆ ತಿಳಿದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ನಗೆಗೆ ಹೆದರಿದ್ದೆ. ಇಷ್ಟು ದಿನ ಒಬ್ಬ ಹೆಂಗಸಿನ ಮಾತು ಕೇಳಿ ಗೆದ್ದವರು ಎಂದು ಊರಿಗೆ ತಿಳಿದುಬಿಟ್ಟರೆ ಎಂದು ಹೆದರಿದ್ದೆ. ಸುವರ್ಣಕ್ಕ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಕೂಗಾಡಲಿಲ್ಲ. ಈರಣ್ಣ, ಮೆಹಬೂಬ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಏನಂದಾ ಈ ಹುಡುಗ?" ಎಂದಳು ಅತ್ತೆ.

"ಏನಿಲ್ರಿ ಅತ್ತಿ. ಬರ್ರಿ, ಕುಂದ್ರೂಣು."

ಇಬ್ಬರೂ ಗೋಡೆಯ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾವು ಮೂವರು ನಾಲ್ವರ ತಂಡಗಳ ಎದುರು ಆಡಿದೆವು. ಆರು ನಿಮಿಷವೂ ನಿಲ್ಲಲಿಲ್ಲ. ಮೊದಲು ಸತ್ತವನು ಯಾರೆಂದು ನೀವೇ ಊಹಿಸಿರಿ.

ಹೊರಗೆ ಬಂದಾಗ ಅವರಿಬ್ಬರೂ ಬೇವಿನ ಗಿಡದ ಕೆಳಗೆ ನಿಂತಿದ್ದರು. ಹೋಗಿಬಿಟ್ಟಿದ್ದರೆ ಒಳ್ಳೆಯದಿತ್ತು ಎನ್ನಿಸಿತು. ಅತ್ತೆ ಹಸಿರು ಚೀಲ ಬಿಚ್ಚಿ, "ಊಟಾ ಮಾಡ್ರಿ. ಐದು ಮಂದಿಗೆ ಆಗುವಷ್ಟು ರೊಟ್ಟಿ ಬಡದು ತಂದಾಳ" ಎಂದಳು. ಸಜ್ಜೆ ರೊಟ್ಟಿ, ಬದನೆಕಾಯಿಯ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತಲೆ ತಗ್ಗಿಸಿ ಕೂತು ತಿಂದೆವು. ನನ್ನ ನಾಚಿಕೆಗೇಡಿತನದ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ: ಎಣಗಾಯಿ ಬಹಳ ರುಚಿಯಾಗಿತ್ತು, ನಾನು ಎರಡನೆಯ ಸಲ ಹಾಕಿಸಿಕೊಂಡೆ. ಸುವರ್ಣಕ್ಕ ಬಡಿಸಿದರು. ಎರಡೂವರೆಯ ಬಸ್ಸಿಗೆ ಹೋದರು. ಖಾರಿಯ ಡಬ್ಬಿ ಮೆಹಬೂಬನ ಕೈಯಲ್ಲೇ ಉಳಿಯಿತು.

ಆಮೇಲೆ ಹಸಿರು ಚುಕ್ಕೆ ಮೂಡಲಿಲ್ಲ. ಒಂದು ದಿನ, ಎರಡು ದಿನ, ಹತ್ತು ದಿನ. ಈರಣ್ಣ ಬನಹಟ್ಟಿಯ ತನ್ನ ಸೋದರಮಾವನಿಗೆ ದಿನಾ ಫೋನು ಮಾಡಿ, "ಮಾಮಾ, ಕರೆಂಟ್ ಐತೇನು?" ಎಂದು ಕೇಳುತ್ತಿದ್ದ. "ಇಲ್ಲ, ಹೋಗೇತಿ, ನಿನಗ್ಯಾಕ ಬೇಕು?" ಎಂದು ಅವರು ಬೈಯುತ್ತಿದ್ದರು. ಹನ್ನೆರಡನೆಯ ದಿನ ಆ ಮಾಮನಿಂದಲೇ ಮನೆಯ ಗುರುತು ಹಿಡಿದು ನಾನು ಬಸ್ಸು ಹತ್ತಿದೆ.

ಓಣಿಗೆ ಓಣಿಯೇ ಮಗ್ಗದ ಸದ್ದಿನಲ್ಲಿ ನಡುಗುತ್ತಿತ್ತು. ಅವರ ಮನೆಯ ಬಾಗಿಲಲ್ಲಿ ಮೂಗಿಗೆ ಮೊದಲು ಬಡಿದದ್ದೇ ಆ ಗಂಜಿಯ ವಾಸನೆ. ಒಳಗೆ ನಾಲ್ಕು ಮಗ್ಗ, ಮೂಲೆಯಲ್ಲಿ ಸುವರ್ಣಕ್ಕ ಕಂಡಿಕಿ ಸುತ್ತುತ್ತ ಕೂತಿದ್ದರು. ಗಂಡ ಮಗ್ಗದ ಹತ್ತಿರದಿಂದಲೇ ಕೈ ಎತ್ತಿ ನಮಸ್ಕಾರ ಮಾಡಿದರು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕ್ಷಮೆಯ ಮಾತನ್ನು ಆ ಸದ್ದಿನಲ್ಲಿ ಮೂರು ಸಲ ಕೂಗಿ ಹೇಳಬೇಕಾಯಿತು. ಮೂರನೆಯ ಸಲ ಹೇಳುವಾಗ ಕರೆಂಟ್ ಹೋಯಿತು. ನಿಶ್ಶಬ್ದವಾದ ಮನೆಯಲ್ಲಿ "ನಂದು ತಪ್ಪಾತ್ರಿ ಅಕ್ಕಾರ" ಎಂಬ ನನ್ನ ಕೂಗು ಓಣಿಗೆಲ್ಲ ಕೇಳಿಸಿತು.

ಸುವರ್ಣಕ್ಕ ನಕ್ಕುಬಿಟ್ಟರು. ಕೂರಲು ಹೇಳಿ, ನೂಲಿನ ಧೂಳು ಒರೆಸಿಕೊಂಡ ಕೈಯಿಂದ ನೀರು ಕೊಟ್ಟರು.

"ನೀವು ಜಮಖಂಡ್ಯಾಗ ಹೇಳಿದ್ದಕ್ಕ ನನಗ ಕೆಟ್ಟ ಅನಸ್ತು, ಖರೆ," ಎಂದರು. "ಆದ್ರ ಆಟ ಬಿಟ್ಟದ್ದು ಅದಕ್ಕಲ್ಲ. ಅವತ್ತ ಕುರ್ಚ್ಯಾಗ ಕುಂತಾಗ ಆ ಮೈಸೂರ ಕಡಿ ಹುಡುಗಿ ನೆನಪಾದ್ಲು. ನಿಮಗ ನೆನಪ ಐತಿ?"

ನೆನಪಿದೆ ಎಂದು ತಲೆಯಾಡಿಸಿದೆ.

"ನೀವು ಅಂದ್ರಿ, ಅವ್ರು ನಕ್ರು. ನಾ ಮೈಕ್ ಹಾಕಿ ಒಂದು ಮಾತು ಅನಬೇಕಿತ್ತು. ಅನಲಿಲ್ಲ. ಅಂದ್ರ ನನ್ನ ದನಿ ಗೊತ್ತಾಗತೈತಿ, ನಾಳಿಂದ ನನಗೂ ಹಂಗ ಅಂತಾರ ಅಂತ ಸುಮ್ಮನ ಕುಂತ್ನಿ. ಮೈಕ್ ಕೆಟ್ಟಿರಲಿಲ್ರಿ. ನೀವು ಹೇಳಿದ್ದು ಒಂದ ದಿನದ ಸುಳ್ಳು. ನಂದು ಎಂಟು ತಿಂಗಳದ್ದು."

"ನಿಮ್ಮದೂ ನಮ್ಮದೂ ಒಂದ ಅಲ್ರಿ ಅಕ್ಕಾರ."

"ಅಲ್ಲ ಬಿಡ್ರಿ. ಒಂದು ಕೇಳ್ತೀನಿ, ಖರೆ ಹೇಳ್ರಿ. ಅಣ್ಣಾ ಅಂತ ತಿಳಕೊಂಡು ನನ್ನ ಮಾತು ಕೇಳಿದ್ರಿ. ಮೊದಲ ದಿನಾನ ಅಕ್ಕಾ ಅಂತ ಗೊತ್ತಾಗಿದ್ರ, ಕೇಳ್ತಿದ್ರೇನು?"

ಮಗ್ಗಗಳು ನಿಂತಿದ್ದವು. ಗಂಡ, ಅತ್ತೆ ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. "ಇಲ್ರಿ" ಎಂದೆ. ಅಷ್ಟು ಕಷ್ಟದ ಎರಡಕ್ಷರ ನಾನು ಎಲ್ಲಿಯೂ ಆಡಿಲ್ಲ.

"ಖರೆ ಹೇಳಿದ್ರಿ. ಹಂಗಾರ ಆಡೂಣು," ಎಂದರು. "ಆದ್ರ ಇನ್ನ ಮೈಕ್ ಹಾಕೇ ಆಡ್ತೀನಿ. ಬ್ಯಾರೆ ಮಂದಿ ಏನರ ಅಂದ್ರ ನೀವು ನಡುವ ಬರಬಾರದು."

ನಡುವೆ ಬರಬಾರದೆಂಬ ಆ ಮಾತನ್ನು ಪಾಲಿಸುವುದು ಸಾಮಾನ್ಯದ ಕೆಲಸವಾಗಿರಲಿಲ್ಲ. ಹತ್ತಿರದ ವೈರಿಗಳಿಗೂ ದನಿ ಕೇಳಿಸುವ ಆಟ ಅದು. ಅವರ ದನಿ ಕೇಳಿದ ಕೂಡಲೇ ಒಬ್ಬ ಫೋನನ್ನು ತಮ್ಮನ ಕೈಗೆ ಕೊಡು ಎನ್ನುತ್ತಿದ್ದ. ಇನ್ನೊಬ್ಬ ನಂಬರು ಕೇಳುತ್ತಿದ್ದ. ಮತ್ತೊಬ್ಬ ಕೇಳಬಾರದ್ದನ್ನು ಕೇಳುತ್ತಿದ್ದ. ಯಾರೋ ಒಬ್ಬ ಅಡಿಗೆಮನೆಯ ಮಾತು ಎತ್ತಿದಾಗ ನನಗೆ ಬೆವರು ಬಂತು. ನನ್ನದೇ ಮಾತು, ಕುಕ್ಕರು ಸಹಿತ, ಬೇರೆಯವನ ಬಾಯಲ್ಲಿ. ಇದು ನನ್ನ ಸ್ವಂತದ ಚಮತ್ಕಾರ ಎಂದುಕೊಂಡಿದ್ದೆ, ನೋಡಿದರೆ ಎಲ್ಲರ ಬಾಯಲ್ಲೂ ಅದೇ ಇತ್ತು. ಈರಣ್ಣನಂತೂ ತಡೆಯಲಾರದೆ ಬೈಗುಳಕ್ಕೆ ಬೈಗುಳ ಜೋಡಿಸಿ ಔಷಧಿ ಅಂಗಡಿಯ ಮರ್ಯಾದೆ ಕಳೆದ. "ಈರಣ್ಣಾ, ಬೈಯೂದು ಬಿಡ್ರಿ, ಆಟ ನೋಡ್ರಿ. ಬಲಕ ಒಬ್ಬ ಅದಾನ" ಎನ್ನುತ್ತಿದ್ದರು ಸುವರ್ಣಕ್ಕ. ಬಲಕ್ಕೆ ಒಬ್ಬನಿರುತ್ತಿದ್ದ. ಇಷ್ಟು ಹೆಜ್ಜೆಸದ್ದು ನಿಮಗೆ ಹೇಗೆ ಕೇಳಿಸುತ್ತದೆ ಎಂದು ಕೇಳಿದ್ದಕ್ಕೆ, "ನಾಕು ಮಗ್ಗದ ಸಪ್ಪಳದಾಗ ಯಾವುದರ ನೂಲು ಹರೀತು ಅಂತ ಕೇಳಿ ಹೇಳ್ತೀನಿ, ಇದೇನ ಮಹಾ" ಎಂದರು. ಒಮ್ಮೆ ಒಬ್ಬನು ಉದ್ದಕ್ಕೆ ಬೈಯುತ್ತಿರುವಾಗಲೇ ಕರೆಂಟ್ ಬಂದು ನಾಲ್ಕೂ ಮಗ್ಗ ಶುರುವಾದವು. ಅವನ ಬೈಗುಳ ಪೂರ್ತಿ ಮುಚ್ಚಿಹೋಯಿತು. "ಯಾರಲೇ ಟ್ರ್ಯಾಕ್ಟರ್ ಹಚ್ಚಿದಾಂವ?" ಎಂದು ಕೂಗಿ ಅವನೇ ಆಟ ಬಿಟ್ಟು ಹೋದ.

ಆದರೆ ಎಲ್ಲ ದಿನವೂ ಮಗ್ಗ ಕಾಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಯಾರೋ ಅವರ ಅತ್ತೆಯ ದನಿ ಕೇಳಿ ಮುದುಕಿಯ ಬಗ್ಗೆಯೂ ಹೊಲಸು ಮಾತಾಡಿದ. ಸುವರ್ಣಕ್ಕ ಮೈಕು ಬಂದ್ ಮಾಡಿದರು. ಮರುದಿನ ಮತ್ತೆ ಹಾಕಿದರು. ಆ ನಡುವಿನ ರಾತ್ರಿ ಅವರಿಗೆ ಹೇಗೆ ಕಳೆಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನ ವರ್ಷ ಮುಧೋಳದಲ್ಲಿ ಇಂಥದೇ ಸ್ಪರ್ಧೆ ಆಯಿತು. ಈ ಸಲ ತಪ್ಪು ತಿದ್ದಿಕೊಳ್ಳಬೇಕೆಂದು ನಾನು ಒಂದು ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದೆ. ಯಾದಿಯವರು "ನಿಮ್ಮ ಕ್ಯಾಪ್ಟನ್ ಯಾರ್ರಿ?" ಎಂದಾಗ ನಾನು ಗಂಟಲು ಸರಿಮಾಡಿಕೊಂಡೆ. "ನಾನ್ರಿ. ಸುವರ್ಣಾ, ಬನಹಟ್ಟಿ" ಎಂದು ಅವರೇ ಹೇಳಿ ಸಹಿ ಹಾಕಿ ಒಳಗೆ ಹೋದರು. ಭಾಷಣ ಗಂಟಲಲ್ಲಿ ಉಳಿಯಿತು. ಮಹಾಲಿಂಗಪುರದ ತಂಡದ ಒಬ್ಬ, "ಅಕ್ಕಾರ, ನಿಮ್ಮ ಸಂಬಂಧ ನಾವು ಸಾವಕಾಶ ಆಡ್ತೀವಿ" ಎಂದ. ಅವರು, "ಹಂಗ ಮಾಡಬ್ಯಾಡ್ರಿ, ಲಗೂನ ಸಾಯ್ತೀರಿ" ಎಂದರು, ತೀರ ಕಾಳಜಿಯಿಂದ. ಲಗೂನೇ ಸತ್ತರು.

ನಮಗೆ ಎರಡನೆಯ ಸ್ಥಾನ ಬಂತು. ಬಹುಮಾನದ ಇಯರ್‌ಫೋನಿನ ಪೊಟ್ಟಣವನ್ನು ಸ್ಪರ್ಧೆಯವರು ರೂಢಿಯಂತೆ ನನ್ನ ಕಡೆ ಚಾಚಿದರು. "ಇದು ಸಲ್ಲಬೇಕಾದ್ದು" ಎಂದು ನಾನು ಶುರುಮಾಡುವಷ್ಟರಲ್ಲಿ ಸುವರ್ಣಕ್ಕ ನಡುವಿನಿಂದ ಅದನ್ನು ತೆಗೆದುಕೊಂಡು ಆಗಲೇ ಹಂಚತೊಡಗಿದ್ದರು. ಜೊತೆಗೆ ಬಂದಿದ್ದ ಅತ್ತೆಗೆ ಮಾತ್ರ ಎರಡನೆಯ ಸ್ಥಾನ ಸಮಾಧಾನ ತರಲಿಲ್ಲ. "ಮೊದಲನೇದು ಬರ್ತಿತ್ತು," ಎಂದು ನನ್ನತ್ತ ಬೆರಳು ತೋರಿಸಿದಳು, "ಈ ಎತ್ತರದಾಂವ ನಡುವ ಎದ್ದು ಓಡಿದ್ನಲ್ಲ, ಅದಕ್ಕ ಹಿಂಗಾತು." ಆ ಮುದುಕಿ ಆಟವನ್ನು ಅಷ್ಟು ಚೆನ್ನಾಗಿ ಯಾವಾಗ ಕಲಿತಳೋ.

ನಂತರ ಸರ್ಕಾರದ ನಿಷೇಧದಿಂದ ಆ ಆಟ ನಮ್ಮ ಫೋನುಗಳಿಂದ ಹೋಯಿತು. ನನಗೆ ಮದುವೆಯಾಯಿತು, ಈರಣ್ಣ ಅಂಗಡಿಯ ಮೇಜನ್ನು ಗಿರಾಕಿಗಳ ಕಡೆ ತಿರುಗಿಸಿ ಹಾಕಿಸಿಕೊಂಡ. ಸುವರ್ಣಕ್ಕನ ಮನೆಯಲ್ಲಿ ಈಗ ಆರು ಮಗ್ಗ, ಆಟಕ್ಕೆ ಬಿಡುವು ಕಡಿಮೆ. ಹಬ್ಬಕ್ಕೆ ಫೋನು ಮಾಡುತ್ತಾರೆ. ಅತ್ತೆ ಈಗಿಲ್ಲ.

ಹೆಂಡತಿಗೆ ಇದನ್ನೆಲ್ಲ ಮೊದಲ ಸಲ ಹೇಳಿದ್ದು ಹೊಸ ಸೀರೆಯ ಆ ಭಾನುವಾರವೇ. ಜಮಖಂಡಿಯ ಶಾಮಿಯಾನದ ಮಾತು ಬಂದಾಗ ನುಂಗಿಬಿಡಬೇಕೆನ್ನಿಸಿತು, ನುಂಗಲಿಲ್ಲ. ಅವಳು ಕೇಳಿ ಸೀರೆಯನ್ನು ಮತ್ತೆ ಮಡಚಿಟ್ಟಳು. "ಅಲ್ರಿ, ಅಷ್ಟ ಮಾಡಿ ಎಣಗಾಯಿ ಮತ್ತ ಹಾಕಿಸ್ಕೊಂಡ್ರಿ?" ಎಂದಳು. ನನ್ನ ಪಾಪದಲ್ಲಿ ಅವಳಿಗೆ ದೊಡ್ಡದಾಗಿ ಕಂಡದ್ದು ಅದು.

ಮೊನ್ನೆ ಶನಿವಾರ ಮಧ್ಯಾಹ್ನ ಮೆಹಬೂಬ ಫೋನು ಮಾಡಿ, ಬಹಳ ದಿನವಾಯಿತು, ಒಂದಾಟ ಆಡೋಣ ಎಂದ. ಈರಣ್ಣನೂ ಸೇರಿಕೊಂಡ. ಯಾವುದೋ ಹೊಸ ಆಟ, ಹೊಸ ಊರು, ಹೊಸ ಗೋಡೆಗಳು. ನಾಲ್ಕನೆಯವರಾಗಿ ಬಂದು ಸೇರಿದ್ದು ಒಂದು ಹುಡುಗಿಯ ದನಿ. ಎಲ್ಲಿಯವಳೋ, ಧಾರವಾಡದ ಕಡೆಯ ಮಾತಿನಂತೆ ಕೇಳಿತು. ಹಳೆಯ ನಾನಾಗಿದ್ದರೆ ನಗುತ್ತಿದ್ದೆ. ನಡುವಿನ ಕಾಲದ ನಾನಾಗಿದ್ದರೆ, 'ಹುಡುಗಿಯರು ಆಡುವುದು ನೋಡಿ ಸಂತೋಷವಾಯಿತು ತಂಗಿ' ಎಂದು ಉಪದೇಶ ಶುರುಮಾಡುತ್ತಿದ್ದೆ. ಅದೂ ಒಂದು ಕಾಟವೇ ಎಂದು ತಿಳಿಯಲು ನನಗೆ ಇನ್ನಷ್ಟು ವರ್ಷ ಬೇಕಾಯಿತು. ಗುಂಡಿನ ಸದ್ದು ಕೇಳಿ ನಾನು ಎದ್ದೆ.

"ರೀ, ಏಳಬ್ಯಾಡ್ರಿ, ಆ ಡ್ರಮ್ ಹಿಂದ ಕೂಡ್ರಿ. ನಾ ಹೇಳೂ ತನಕ ಅಲ್ಲಾಡಬ್ಯಾಡ್ರಿ" ಎಂದಳು ಆ ಹುಡುಗಿ.

"ಹೂಂರಿ" ಎಂದು ಕೂತೆ.